ಮರಳಿಗೆ ಕೂತ ಬೋಟು ಮತ್ತು ಇಬ್ಬರು ಪ್ರೊಫೆಸರುಗಳು

ಹೊನ್ನಾವರ: ಹೊರಡುವ ಮೊದಲು

ವಿದೇಶಕ್ಕೆ ಹೋಗುವವರಿಗೆ ಬುದ್ಧಿ ಹೇಳುವ ಹಕ್ಕು ವಿದೇಶ ನೋಡದವರಿಗೇ ಸೇರಿದ್ದು ಎಂಬುದು ಈ ಏಪ್ರಿಲ್‌ನಲ್ಲಿ ನನಗೆ ಮನವರಿಕೆಯಾಯಿತು. ಮಿರ್ಜಾನದ ನಮ್ಮ ಮನೆಗೆ ಬಂದವರೆಲ್ಲ ಚಹಾ ಕುಡಿದು ಒಂದೊಂದು ಬುದ್ಧಿವಾದ ಬಿಟ್ಟು ಹೋದರು. ಅಲ್ಲಿನ ನೀರು ಕುಡಿಯಬೇಡ, ಗಂಟಲು ಕಟ್ಟುತ್ತದೆ ಎಂದರು ಒಬ್ಬರು. ನೀರನ್ನು ಬಿಟ್ಟು ಬೇರೇನೂ ಕುಡಿಯಬೇಡ ಎಂದರು ಇನ್ನೊಬ್ಬರು. ಆಯಿ, ಅಂದರೆ ನನ್ನ ಅಮ್ಮ, ಹಲಸಿನ ಹಪ್ಪಳದ ಎರಡು ಕಟ್ಟು ಮಾಡಿ, ಇಬ್ಬರು ಪ್ರೊಫೆಸರುಗಳಿಗೆ ಒಂದೊಂದು ಎಂದು ಚೀಲದಲ್ಲಿಟ್ಟು, "ಊಟ ಆತಾ ಅಂತ ಕೇಳೂ ಮೇಷ್ಟ್ರನ್ನೇ ಆರಿಸ್ಕೋ" ಎಂದಳು. ಅವಳ ಪ್ರಕಾರ ಪಿಎಚ್.ಡಿ.ಗೆ ಅಷ್ಟು ಸಾಕು.

ವಿಷಯ ಇಷ್ಟು. ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಹೊನ್ನಾವರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಮೂರು ವರ್ಷವಾದರೂ ಇನ್ನೂ ಅತಿಥಿಯೇ. ನನ್ನ ಆಸಕ್ತಿ ಬಳಚಿನ ಮೇಲೆ. ಅಘನಾಶಿನಿಯಲ್ಲಿ ನೀರು ಇಳಿದಾಗ ಹೆಂಗಸರು ಕೆಸರಿನಲ್ಲಿ ನಿಂತು ಹೆಕ್ಕುವ ಚಿಪ್ಪುಜೀವಿ ಅದು. ಮಳೆಗಾಲದಲ್ಲಿ ಹೊಳೆಯ ಉಪ್ಪೆಲ್ಲ ತೊಳೆದು ಹೋದಾಗ ಬಳಚು ಹೇಗೆ ಜೀವ ಹಿಡಿದುಕೊಂಡಿರುತ್ತದೆ ಎನ್ನುವುದು ನನ್ನ ಪ್ರಶ್ನೆ. ಈ ಪ್ರಶ್ನೆ ಹಿಡಿದು ಇಪ್ಪತ್ತು ಮೂವತ್ತು ಪ್ರೊಫೆಸರುಗಳಿಗೆ ಬರೆದೆ. ಉತ್ತರ ಕೊಟ್ಟವರು ಇಬ್ಬರು: ಜರ್ಮನಿಯ ದೊಡ್ಡ ನಗರದ ಒಬ್ಬ ಬಹು ದೊಡ್ಡ ಪ್ರೊಫೆಸರು, ಮತ್ತು ನೆದರ್ಲ್ಯಾಂಡ್ಸಿನ ಒಂದು ದ್ವೀಪದಲ್ಲಿ ಸಣ್ಣ ಸಂಶೋಧನಾ ಕೇಂದ್ರ ನಡೆಸುವ ಪ್ರೊಫೆಸರಮ್ಮ. ಬಾ, ಮಾತಾಡೋಣ, ದಾರಿ ಖರ್ಚು ನಮ್ಮದು ಎಂದು ಇಬ್ಬರೂ ಬರೆದರು. ಊರುಗಳ ಹೆಸರು ಹೇಳುವುದಿಲ್ಲ. ಅವರಿಗೆ ಕನ್ನಡ ಬಾರದಿದ್ದರೂ ಅವರ ಫೋನುಗಳಿಗೆ ಬರುತ್ತದೆ.

ಎರಡು ಕಡೆ ಕರೆ ಬಂದದ್ದಕ್ಕೆ ಹಿಗ್ಗುವ ಬದಲು ನಾನು ಹೆದರಿ ಕೂತಿದ್ದೆ. ಏಕೆಂದರೆ ಒಮ್ಮೆ ನಾನು ಗೈಡನ್ನು ಆರಿಸಿ ಕೆಟ್ಟವಳು. ನಮ್ಮ ರಾಜ್ಯದಲ್ಲೇ ಒಂದು ಕಡೆ ಎರಡು ವರ್ಷ ಪಿಎಚ್.ಡಿ. ಮಾಡುತ್ತಿದ್ದೆ. ಗೈಡು ಸಾಹೇಬರ ಮಗನ ಶಾಲೆಗೆ ಜ್ವಾಲಾಮುಖಿಯ ಮಾದರಿ ಮಾಡಿಕೊಟ್ಟೆ, ಅವರ ಭಾಷಣಗಳನ್ನು ಬರೆದುಕೊಟ್ಟೆ, ಅವರ ಮನೆಯ ಗೃಹಪ್ರವೇಶದಲ್ಲಿ ಪಾಯಸ ಬಡಿಸಿದೆ. ಬಳಚಿನ ಮೇಲೆ ನಾನು ಬರೆದ ಮೊದಲ ಅಧ್ಯಾಯ ಮಾತ್ರ ಅವರ ಮೇಜಿನ ಮೇಲೆ ಹದಿನೈದು ತಿಂಗಳು ಕೂತಿತ್ತು. ಕೊನೆಗೆ ವಾಪಸು ತಂದು ನೋಡಿದರೆ ಅದರ ಮೇಲೆ ಇದ್ದ ಗುರುತು ಒಂದೇ, ಚಹಾ ಕಪ್ಪಿನ ಅಡಿಯ ಉಂಗುರ. ಅವತ್ತೇ ಗಂಟುಮೂಟೆ ಕಟ್ಟಿದೆ. ಊರಲ್ಲಿ "ಅರ್ಧಕ್ಕೆ ಬಿಟ್ಟು ಬಂದದೆ" ಎಂಬ ಹೆಸರು ಬಂತು, ಅದು ಇವತ್ತಿಗೂ ಹೋಗಿಲ್ಲ.

ಆಗ ನನ್ನನ್ನು ಒಂದು ಮಾತೂ ಕೇಳದೆ ಇದ್ದವರು ಸುಬ್ರಾಯ ಮಾವ ಒಬ್ಬರೇ. ಆಯಿಯ ಅಣ್ಣ. ಮೂವತ್ತು ವರ್ಷ ಹೊನ್ನಾವರದ ಬಂದರಿನಿಂದ ಬೋಟಿಗೆ ಹೋದವರು, ಈಗ ದಡದಲ್ಲಿ ಕೂತು ಬಲೆ ಸರಿಮಾಡುತ್ತಾರೆ. ಹೊರಡುವ ಹಿಂದಿನ ದಿನ ಅವರಲ್ಲಿ ಹೋದೆ.

"ಯಾರನ್ನ ಆರಿಸ್ಬೇಕು ಅಂತ ಹೆಂಗೆ ಗೊತ್ತಾಗೂದು ಮಾವ?"

"ಬೋಟು ನೋಡ್ಬೇಡ ತಂಗಿ. ಬಣ್ಣ ಎಲ್ಲದಕ್ಕೂ ಹೊಡೀತ್ರು. ತಂಡೇಲನ್ನ ನೋಡು."

ತಂಡೇಲ ಎಂದರೆ ಬೋಟಿನ ಮುಖ್ಯಸ್ಥ, ಚುಕ್ಕಾಣಿ ಅವನದು. ಆಗಸ್ಟಿನಲ್ಲಿ ಬೋಟುಗಳು ಇಳಿಯುವ ಮುಂಚೆ ಒಬ್ಬ ತಂಡೇಲನ ಜೊತೆ ಮಾತಾದರೆ ಆ ಸೀಸನ್ ಮುಗಿಯುವವರೆಗೆ ಅವನ ಜೊತೆಗೇ. ನಡುವೆ ಬಿಡುವುದು ಮರ್ಯಾದೆಯಲ್ಲ.

"ಸರಿ, ತಂಡೇಲ ಒಳ್ಳೆಯಂವ ಅಂತ ಹೆಂಗೆ ಗೊತ್ತಾಗೂದು?"

"ಬೋಟು ಎಲ್ಲಿ ಮರಳಿಗೆ ಕೂರ್ಸಿದ್ದೆ ಅಂತ ಕೇಳೂದು."

ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಅಳಿವೆಯನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಅಲ್ಲಿನ ಮರಳು ಒಂದು ವರ್ಷ ಇದ್ದಲ್ಲಿ ಇನ್ನೊಂದು ವರ್ಷ ಇರುವುದಿಲ್ಲ. ಎಷ್ಟೇ ಪಳಗಿದವನಾಗಲಿ, ಒಂದಲ್ಲ ಒಂದು ದಿನ ಬೋಟನ್ನು ದಿಬ್ಬದ ಮೇಲೆ ಕೂರಿಸಿ, ಭರತದ ನೀರು ಏರಿ ಬರುವವರೆಗೆ ದಡದವರ ತಮಾಷೆ ಕೇಳುತ್ತ ನಿಂತಿರಲೇಬೇಕು.

"ಕೂರ್ಸಲೇ ಇಲ್ಲ ಅಂದ್ರೆ ಅಂವ ಸುಳ್ಳು ಹೇಳ್ತ, ಇಲ್ದೋದ್ರೆ ಸಮುದ್ರಕ್ಕೇ ಹೋಗ್ಲಿಲ್ಲ," ಎಂದರು ಮಾವ. "ಅವನಿಗಿಂತ ಅವನ ಜನ್ರನ್ನ ಕೇಳೂದು ಚೊಲೋ. ಅವನ ಎದ್ರೇ ನಗಾಡ್ತಾ ಹೇಳಿದ್ರೆ ಬೋಟು ಹತ್ತು. ಅತ್ತಿತ್ತ ನೋಡಿ ಹೇಳಿದ್ರೆ ಚೀಲ ಎತ್ಕಂಡು ಬಾ."

ದುಬೈ: ಒಂದು ಹಗಲು

ಭಟ್ಕಳದವರು ಇಲ್ಲದ ದುಬೈ ಇರಬಹುದೇನೋ, ನಾನು ನೋಡಿಲ್ಲ. ನನ್ನ ಎಂ.ಎಸ್ಸಿ. ಗೆಳತಿ ಶಬಾನಾ ಮದುವೆಯಾಗಿ ಅಲ್ಲಿದ್ದಾಳೆ. ವಿಮಾನ ಬದಲಿಸುವ ನಡುವೆ ಹತ್ತು ತಾಸು ಸಿಗುತ್ತದೆ ಎಂದು ಒಂದು ಮಾತು ಹೇಳಿದ್ದೇ ತಪ್ಪಾಯಿತು. ವೀಸಾ ಮಾಡಿಸಿ, ಗಂಡನನ್ನು ಕಾರು ಸಮೇತ ನಿಲ್ಲಿಸಿದ್ದಳು. ಅವಳ ಅತ್ತೆ ಬೆಳಿಗ್ಗೆಯಿಂದ ಶಾವಿಗೆ ಬಿರಿಯಾನಿ ಮಾಡಿ ಕಾಯುತ್ತಿದ್ದರು. ಮರಳುಗಾಡು, ಗಗನಚುಂಬಿ ಕಟ್ಟಡ ಇತ್ಯಾದಿ ನೋಡಿ ವರ್ಣಿಸಬೇಕೆಂದಿದ್ದೆ. ನಾನು ನೋಡಿದ ದುಬೈ ಒಂದು ಊಟದ ಕೋಣೆ. ಹದಿನಾಲ್ಕನೆಯ ಮಹಡಿಯಲ್ಲಿದೆ, ಭಟ್ಕಳದವರ ನವಾಯತಿ ಭಾಷೆ ಮಾತಾಡುತ್ತದೆ, ಸಾಕು ಎಂದರೆ ಅದಕ್ಕೆ ಕೇಳಿಸುವುದಿಲ್ಲ.

ಶಬಾನಾ ನನ್ನ ಗುಟ್ಟು ಬಲ್ಲವಳು. ಗುಟ್ಟೆಂದರೆ, ಇಬ್ಬರು ಪ್ರೊಫೆಸರುಗಳಿಗೂ ಕಳಿಸಿದ ನನ್ನ ಬಯೋಡಾಟಾದಲ್ಲಿ ಆ ಎರಡು ವರ್ಷ ಇರಲಿಲ್ಲ. ಆ ಜಾಗದಲ್ಲಿ "ಬೋಧನೆ ಮತ್ತು ಸ್ವತಂತ್ರ ಅಧ್ಯಯನ" ಎಂಬ ಸುಂದರ ಪದಗಳಿದ್ದವು. ಪದಗಳು ಅವಳವೇ.

"ಕೇಳಿದ್ರೆ ಎಂತ ಹೇಳೂದು?" ಎಂದೆ.

"ಕೇಳೂದಿಲ್ಲ. ಕೇಳಿದ್ರೂ ಹೇಳ್ಬೇಡ. ಬಿಟ್ಟು ಬಂದವಳು ಅಂತ ಗೊತ್ತಾದ್ರೆ ಯಾರು ತಗಳ್ತಾರೆ ಮಾರಾಯ್ತಿ? ನೀ ತಪ್ಪು ಎಂತ ಮಾಡಿದ್ದಿ, ಅಂವ ಮಾಡಿದ್ದು."

"ಹಂಗಾದ್ರೆ ಹೇಳೂಕೆ ಎಂತಕ್ಕೆ ಹೆದ್ರಿಕೆ?"

ಶಬಾನಾ ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ಆಮೇಲೆ ವಿಮಾನದಲ್ಲಿ ಕೊಟ್ಟ ಊಟವನ್ನು ನಾನು ಮುಟ್ಟಲಿಲ್ಲ.

ಜರ್ಮನಿ: ಮೇಜು ಬಡಿದವರು

ದೊಡ್ಡ ಪ್ರೊಫೆಸರರ ಪ್ರಯೋಗಾಲಯ ಆರು ಮಹಡಿಯ ಗಾಜಿನ ಕಟ್ಟಡ. ನಮ್ಮ ಕಾಲೇಜಿನಲ್ಲಿ ಒಂದು ಸೂಕ್ಷ್ಮದರ್ಶಕಕ್ಕೆ ನಲವತ್ತು ಮಕ್ಕಳು, ಅಲ್ಲಿ ಒಬ್ಬರಿಗೆ ನಾಲ್ಕು ಸೂಕ್ಷ್ಮದರ್ಶಕ. ಪ್ರತಿ ಬಾಗಿಲಿಗೂ ಕಾರ್ಡು ತೋರಿಸಬೇಕು. ನನಗೆ ಕೊಟ್ಟ ಅತಿಥಿ ಕಾರ್ಡು ಒಳಗೆ ಹೋಗಲಿಕ್ಕೆ ಮಾತ್ರ ಕೆಲಸ ಮಾಡುತ್ತಿತ್ತು, ಹೊರಗೆ ಬರಲಿಕ್ಕಲ್ಲ. ಶೌಚಾಲಯದ ಪಡಸಾಲೆಯಲ್ಲಿ ಇಪ್ಪತ್ತು ನಿಮಿಷ ನಿಂತು, ಅಲ್ಲಿ ಅಂಟಿಸಿದ್ದ ಕೈ ತೊಳೆಯುವ ಎಂಟು ಹಂತಗಳನ್ನು ಬಾಯಿಪಾಠ ಮಾಡಿದೆ. ಅಷ್ಟೂ ಹೊತ್ತು ಕೈ ತೊಳೆದವರಂತೆ ಮುಖ ಇಟ್ಟುಕೊಂಡಿದ್ದೆ. ಕೊನೆಗೆ ಸ್ವಚ್ಛತೆಯವಳು ಬಂದು ಬಿಡಿಸಿದಳು.

ಪ್ರೊಫೆಸರರು ಸಜ್ಜನರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಾವೇ ಕಾಫಿ ತಂದುಕೊಟ್ಟರು. ಬಾಗಿಲು ಹಿಡಿದು ನಿಂತು ಎಲ್ಲರೂ ಹೋದ ಮೇಲೆ ತಾವು ಹೋದರು. "ಊಟವಾಯಿತೇ?" ಎಂದೂ ಕೇಳಿದರು. ಆಯಿಯ ಪರೀಕ್ಷೆಯಲ್ಲಿ ಅವರು ನೂರಕ್ಕೆ ನೂರು. ಹಪ್ಪಳದ ಕಟ್ಟು ಕೊಟ್ಟಾಗ ಎರಡೂ ಕೈಯಲ್ಲಿ ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿ, ಪ್ರಶಸ್ತಿ ಫಲಕಗಳಿದ್ದ ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಇದು ಕರಿದು ತಿನ್ನುವ ವಸ್ತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಮಧ್ಯಾಹ್ನ ನನ್ನ ಭಾಷಣ. ಮೂವತ್ತು ಜನ. ಬಳಚಿನ ಕಥೆ ಹೇಳಿ ಕೊನೆಯ ಚಿತ್ರಕ್ಕೆ ಬಂದು "ಧನ್ಯವಾದ" ಎಂದೆ, ಆಮೇಲೆ ಇನ್ನೊಂದು ಮಾತು ಸೇರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಮೂವತ್ತೂ ಜನ ಬೆರಳ ಗೆಣ್ಣಿನಿಂದ ಮೇಜು ಬಡಿಯತೊಡಗಿದರು. ನಮ್ಮಲ್ಲಿ ಮೇಜು ಬಡಿಯುವುದು ಬಾಯಿ ಮುಚ್ಚಿ ಎನ್ನಲಿಕ್ಕೆ. ನಾನೇ ದಿನಕ್ಕೆ ಹತ್ತು ಸಲ ಬಡಿಯುತ್ತೇನೆ. ತಕ್ಷಣ ಬಾಯಿ ಮುಚ್ಚಿ ಕೈಕಟ್ಟಿ ನಿಂತೆ. ನಾನು ನಿಂತಷ್ಟೂ ಅವರು ಜೋರಾಗಿ ಬಡಿದರು. ಪಕ್ಕದವರು ಬಗ್ಗಿ, ಇಲ್ಲಿ ಚಪ್ಪಾಳೆ ಎಂದರೆ ಇದೇ ಎನ್ನುವಷ್ಟರಲ್ಲಿ ನಾನಾಗಲೇ ಹೋಗಿ ನನ್ನ ಜಾಗದಲ್ಲಿ ಕೂತುಬಿಟ್ಟಿದ್ದೆ.

ಆಮೇಲೆ ಸಂದರ್ಶನ. ಕೊನೆಯಲ್ಲಿ ಪ್ರೊಫೆಸರರು, ನಿನಗೇನಾದರೂ ಕೇಳುವುದಿದೆಯೇ ಎಂದರು. ಮಾವನ ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸಿ, ನಯ ಮಾಡಿ, ನಿಮ್ಮ ಸಂಶೋಧನೆ ಯಾವಾಗಲಾದರೂ ಪೂರ್ತಿ ತಪ್ಪು ದಾರಿ ಹಿಡಿದದ್ದುಂಟೇ ಎಂದು ಕೇಳಿದೆ. ಕೋಣೆಯಲ್ಲಿದ್ದ ನಾಲ್ವರೂ ಪೆನ್ನು ಕೆಳಗಿಟ್ಟರು. ಪ್ರೊಫೆಸರರು ಸ್ವಲ್ಪ ಯೋಚಿಸಿ, ಬೇಸರವಿಲ್ಲದೆ, "ನಮ್ಮಲ್ಲಿ ಪ್ರತಿ ಹಂತಕ್ಕೂ ಪರಿಶೀಲನೆ ಇದೆ. ಹಾಗಾಗಿ ಅಂಥದ್ದು ಆಗುವುದಿಲ್ಲ," ಎಂದರು. ಮುಂದುವರಿದು, "ನಿನ್ನ ದಾಖಲೆಯಲ್ಲೂ ಎಲ್ಲಿಯೂ ಒಡಕಿಲ್ಲ. ಅದು ನನಗೆ ಹಿಡಿಸಿತು," ಎಂದರು. ನನಗೆ ಕೂತ ಕುರ್ಚಿ ಬಿಸಿಯಾಯಿತು.

ಪಡಸಾಲೆಯಲ್ಲಿ ಅವರ ವಿದ್ಯಾರ್ಥಿನಿಯೊಬ್ಬಳನ್ನು ಅದೇ ಪ್ರಶ್ನೆ ಕೇಳಿದೆ. ಆಕೆ ಮೊದಲು ಬಾಗಿಲು ನೋಡಿದಳು. ಆಮೇಲೆ, "ಅವರು ತುಂಬ ಒಳ್ಳೆಯವರು. ಎಲ್ಲ ತುಂಬ ಚೆನ್ನಾಗಿದೆ," ಎಂದಳು. ಮತ್ತೊಮ್ಮೆ ಬಾಗಿಲು ನೋಡಿ, "ತುಂಬ," ಎಂದು ಸೇರಿಸಿದಳು.

ಮರುದಿನ ರೈಲಿನಲ್ಲಿ ನೆದರ್ಲ್ಯಾಂಡ್ಸಿಗೆ ಹೊರಟಿದ್ದಾಗ ಅವರ ಮಿಂಚಂಚೆ ಬಂತು. ನಿನ್ನನ್ನು ತೆಗೆದುಕೊಳ್ಳುತ್ತೇವೆ, ನಾಲ್ಕು ವರ್ಷ, ಸೋಮವಾರ ಮಧ್ಯಾಹ್ನ ಹನ್ನೆರಡರೊಳಗೆ ಒಪ್ಪಿಗೆ ತಿಳಿಸು. ಆಯಿಗೆ ಫೋನು ಮಾಡಿದೆ. ಅರ್ಧ ತಾಸಿನಲ್ಲಿ ನಾನು ಜರ್ಮನಿಯಲ್ಲಿ ವಿಜ್ಞಾನಿಯಾದ ಸುದ್ದಿ ಮಿರ್ಜಾನ ದಾಟಿ ಹೊಳನಗದ್ದೆಯ ದೊಡ್ಡಮ್ಮನ ಮನೆ ಮುಟ್ಟಿತ್ತು. ಆ ರೈಲಿಗಿಂತ ಅದೇ ವೇಗ.

ದ್ವೀಪ: ಬರಿಗಾಲು

ದೋಣಿ ಇಳಿದರೆ ಎದುರಿಗೆ ಸೈಕಲ್ ಹಿಡಿದು ಒಬ್ಬ ಹೆಂಗಸು ನಿಂತಿದ್ದಳು. ಐವತ್ತೈದರ ಆಸುಪಾಸು, ಕೂದಲು ಗಾಳಿಗೆ ಕೆದರಿತ್ತು, ಪ್ಯಾಂಟಿನ ಮೇಲೆ ಒಣಗಿದ ಕೆಸರು. ನನ್ನ ಚೀಲ ಒಯ್ಯಲು ಬಂದ ಕೆಲಸದವಳೆಂದು ತಿಳಿದು ಚೀಲ ಕೊಟ್ಟೆ. ತೆಗೆದುಕೊಂಡು ಸೈಕಲ್ಲಿಗೆ ಕಟ್ಟಿದ ಮೇಲೆ, "ನಾನು ಮರೈಕೆ," ಎಂದಳು. ಅವಳೇ ಪ್ರೊಫೆಸರು. ಹೆಸರು ಹಿಡಿದೇ ಕರೆಯಬೇಕೆಂದಳು. ನಮ್ಮಲ್ಲಿ ಪ್ಯೂನನನ್ನೂ ಹಾಗೆ ಕರೆಯುವುದಿಲ್ಲ. ಎರಡು ದಿನ ನಾನು ಅವಳನ್ನು ಏನೂ ಕರೆಯದೆ, ಎದುರು ಹೋಗಿ ಕೆಮ್ಮಿ ಮಾತು ಶುರುಮಾಡಿದೆ. ಅವಳೂ ನಾಗವೇಣಿ ಎಂಬ ನನ್ನ ಹೆಸರು ಹೇಳಲು ಪ್ರಯತ್ನಿಸಿ ನಡುವಿನ ಗಕಾರವನ್ನು ಗಂಟಲಲ್ಲಿ ತಿಕ್ಕುತ್ತಿದ್ದಳು, ಹಾಗಾಗಿ ಇಬ್ಬರೂ ಕೆಮ್ಮುವವರೇ ಆದೆವು.

ಊಟದ ಸಮಯದಲ್ಲಿ ಬ್ರೆಡ್ಡಿನ ಜೊತೆ ಒಂದು ಲೋಟ ತುಂಬ ಮಜ್ಜಿಗೆ ಬಂತು. ನನ್ನ ಕಣ್ಣು ತುಂಬುವುದೊಂದು ಬಾಕಿ. ಉಪ್ಪಿಲ್ಲ, ಹಸಿಮೆಣಸಿಲ್ಲ, ಶುಂಠಿಯಿಲ್ಲ, ಆದರೂ ಮಜ್ಜಿಗೆ. ನಾನು ಅದಕ್ಕೆ ಉಪ್ಪು ಹಾಕಿದ್ದನ್ನು ಕಂಡು ಮೇಜಿನಲ್ಲಿದ್ದವರೆಲ್ಲ ತಿನ್ನುವುದನ್ನು ನಿಲ್ಲಿಸಿದರು. ಮರೈಕೆ ನನಗೆ ಊಟವಾಯಿತೇ ಎಂದು ಕೇಳಲಿಲ್ಲ. ಹನ್ನೆರಡು ಗಂಟೆಗೆ ಎಲ್ಲರಿಗಿಂತ ಮೊದಲು ನಿಂತೇ ತಿಂದು, ಕೈ ಝಾಡಿಸಿ ಹೋದಳು. ಆಯಿಯ ಪರೀಕ್ಷೆಯಲ್ಲಿ ನಪಾಸು. ಹಪ್ಪಳವನ್ನು ಮಾತ್ರ ಯಾಪ್ ಎಂಬ ಪ್ರಯೋಗಾಲಯದ ಹಳೆಯ ಸಹಾಯಕ ಅಲ್ಲೇ ಮೈಕ್ರೋವೇವಿಗೆ ಹಾಕಿ, ಹೊಗೆ ಎಬ್ಬಿಸಿ, ಬೆಂಕಿಯ ಎಚ್ಚರಿಕೆ ಗಂಟೆ ಬಾರಿಸುವಂತೆ ಮಾಡಿದ. ಆರು ಜನ ಹೊರಗೆ ಗಾಳಿಯಲ್ಲಿ ನಿಂತು ಕರಕಲು ಹಪ್ಪಳ ತಿಂದು ಮುಗಿಸಿದರು.

ಶನಿವಾರ ಕೆಸರಿಗೆ ಹೋದೆವು. ಸಮುದ್ರದ ಇಳಿತಕ್ಕೆ ಶನಿವಾರದ ರಜೆ ಗೊತ್ತಿಲ್ಲವಲ್ಲ. ನೀರು ಹಿಂದೆ ಸರಿದು ಮೈಲುಗಟ್ಟಲೆ ಕೆಸರು ಬಿದ್ದುಕೊಂಡಿತ್ತು. ಚಳಿ ಒಂದನ್ನು ಬಿಟ್ಟರೆ ನಮ್ಮ ಹೊಳೆಯೇ. ನನಗೆ ಕೊಟ್ಟ ಗಂಬೂಟು ಎರಡು ಅಳತೆ ದೊಡ್ಡದು, ಹೆಜ್ಜೆ ಎತ್ತಿದರೆ ಕಾಲು ಮೇಲೆ, ಬೂಟು ಕೆಳಗೆ. ಬಿಚ್ಚಿ ಕೈಯಲ್ಲಿ ಹಿಡಿದೆ. ಇಲ್ಲಿ ಸಿಂಪಿಗಳಿವೆ, ಅಂಚು ಚೂಪು ಎಂದು ಯಾಪ್ ಎಚ್ಚರಿಸಿದ. ಐದು ವರ್ಷದವಳಿದ್ದಾಗಿನಿಂದ ಕೆಸರಲ್ಲಿ ನಡೆದವಳು ನಾನು ಎಂದು ಜಂಬ ಕೊಚ್ಚಿದೆ.

ಜಂಬಕ್ಕೆ ಕಾರಣವಿತ್ತು. ನಮ್ಮ ಹೆಂಗಸರು ಬಳಚನ್ನು ಕಣ್ಣಿನಿಂದ ಹುಡುಕುವುದಿಲ್ಲ, ಹೆಬ್ಬೆರಳಿನಿಂದ ಹುಡುಕುತ್ತಾರೆ. ಕಾಲನ್ನು ಎತ್ತದೆ ಜಾರಿಸುತ್ತ ಹೋದರೆ ಕೆಸರಿನೊಳಗೆ ಚಿಪ್ಪು ತಾಗುತ್ತದೆ. ಒಬ್ಬ ವಿದ್ಯಾರ್ಥಿ ಕುಂಟೆ ಹಿಡಿದು ನಾಲ್ಕು ಚಿಪ್ಪು ತೆಗೆಯುವಷ್ಟರಲ್ಲಿ ನಾನು ಹನ್ನೊಂದು ತೆಗೆದೆ. ಎಲ್ಲರೂ ಸುತ್ತ ನಿಂತು ನೋಡುತ್ತಿದ್ದರು. ಹನ್ನೆರಡನೆಯದು ಸಿಂಪಿ. ಅಂಗಾಲು ಬ್ಲೇಡು ಎಳೆದ ಹಾಗೆ ಸೀಳಿತು.

ಮರೈಕೆ ಕೆಸರಿನಲ್ಲೇ ಕೂತು, ನನ್ನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು, ಬಾಟಲಿ ನೀರು ಸುರಿದು ತೊಳೆದು, ತನ್ನ ಕೊರಳ ವಸ್ತ್ರದಿಂದ ಕಟ್ಟಿದಳು. ಕಟ್ಟುತ್ತಲೇ, "ಸತ್ತ ಚಿಪ್ಪು, ಜೀವ ಇರುವ ಚಿಪ್ಪು, ಹೆಬ್ಬೆರಳಿಗೆ ವ್ಯತ್ಯಾಸ ಗೊತ್ತಾಗುತ್ತದೆಯೇ?" ಎಂದು ಕೇಳಿದಳು. ಗೊತ್ತಾಗುತ್ತದೆ ಎಂದೆ. ಹೇಗೆ ಎಂದಳು. ನಾನು ನೋವಿನಲ್ಲಿ ಹಲ್ಲು ಕಚ್ಚಿ ಉತ್ತರ ಕೊಟ್ಟೆ, ಅವಳು ಕೆಸರುಗೈಯಲ್ಲೇ ಪುಸ್ತಕ ತೆಗೆದು ಬರೆದುಕೊಂಡಳು. ನನ್ನ ಕಾಲು ಇನ್ನೂ ಅವಳ ತೊಡೆಯ ಮೇಲೆಯೇ ಇತ್ತು. ಎರಡು ವರ್ಷ ನಾನು ಗೈಡೊಬ್ಬರಿಂದ ಇಂಥ ಒಂದು ಪ್ರಶ್ನೆಗಾಗಿ ಕಾದಿದ್ದೆ ಎಂದು ಆಗ ನೆನಪಾಯಿತು.

ದ್ವೀಪ: ಯಾಪನ ಹುಟ್ಟುಹಬ್ಬ

ಅದೇ ಸಂಜೆ ಯಾಪನಿಗೆ ಅರವತ್ತು ತುಂಬಿತು. ಚಹಾ ಕೋಣೆಯಲ್ಲಿ ಕುರ್ಚಿಗಳನ್ನು ದುಂಡಗೆ ಇಟ್ಟಿದ್ದರು. ನಾನು ಕುಂಟುತ್ತ ಒಳಗೆ ಹೋದೆ. ಮೊದಲು ಮರೈಕೆ ಎದ್ದು ಬಂದು ಕೈ ಕುಲುಕಿ "ಅಭಿನಂದನೆಗಳು" ಎಂದಳು. ಹಿಂದೆಯೇ ಯಾಪನ ಹೆಂಡತಿ, ವಿದ್ಯಾರ್ಥಿಗಳು, ಅಡಿಗೆಯವನು, ಒಬ್ಬೊಬ್ಬರಾಗಿ ಎಲ್ಲರೂ ಬಂದು ನನ್ನ ಕೈ ಕುಲುಕಿ ಅಭಿನಂದನೆ ಹೇಳಿದರು. ನಾನು ನಿಂತಲ್ಲಿಂದಲೇ, ಈ ಅವಕಾಶಕ್ಕೆ ಋಣಿಯಾಗಿದ್ದೇನೆ, ಸೆಪ್ಟೆಂಬರಿನಲ್ಲಿ ಬಂದು ಸೇರುತ್ತೇನೆ ಎಂದು ಚಿಕ್ಕ ಭಾಷಣವನ್ನೇ ಮಾಡಿಬಿಟ್ಟೆ.

ಯಾಪನ ಹೆಂಡತಿ ನನ್ನ ಕೈ ಹಿಡಿದು ವಿವರಿಸಿದರು. ಅವರಲ್ಲಿ ಹುಟ್ಟುಹಬ್ಬವೆಂದರೆ ಹುಟ್ಟಿದವನಿಗೆ ಮಾತ್ರವಲ್ಲ, ಕೋಣೆಯಲ್ಲಿ ಇದ್ದವರಿಗೆಲ್ಲ ಅಭಿನಂದನೆ ಹೇಳುವುದು ರೂಢಿ. ಅವನು ಹುಟ್ಟಿದ್ದು ನಮ್ಮೆಲ್ಲರ ಭಾಗ್ಯವಂತೆ. ಮರೈಕೆ ಮುಚ್ಚುಮರೆಯಿಲ್ಲದೆ, "ನಾನಿನ್ನೂ ತೀರ್ಮಾನ ಮಾಡಿಲ್ಲ. ಇನ್ನೊಬ್ಬ ಅಭ್ಯರ್ಥಿಯೂ ಇದ್ದಾನೆ, ಬಹಳ ಚುರುಕು," ಎಂದಳು. ಭೂಮಿ ಬಾಯಿಬಿಟ್ಟರೆ ಇಳಿದುಬಿಡುತ್ತಿದ್ದೆ. ಬದಲಿಗೆ ಕೇಕು ತಿಂದೆ.

ನನ್ನ ಅವಸ್ಥೆ ನೋಡಿ ಕರುಣೆ ಬಂತೋ ಏನೋ, ಯಾಪ್ ಮಾತು ತಿರುಗಿಸಿದ. "ನೀನು ಮಾಡಿದ್ದು ಏನೂ ಅಲ್ಲ. ಇವಳನ್ನು ಕೇಳು," ಎಂದು ಮರೈಕೆಯತ್ತ ಬೆರಳು ತೋರಿಸಿದ. ಅಲ್ಲಿ ಮಾರ್ಚ್ ಕೊನೆಗೆ ಗಡಿಯಾರಗಳನ್ನು ಒಂದು ತಾಸು ಮುಂದೆ ತಿರುಗಿಸುತ್ತಾರೆ. ಒಂದು ವರ್ಷ ಮರೈಕೆ ಅದನ್ನು ಮರೆತು, ಇಳಿತದ ಪಟ್ಟಿಯನ್ನು ಹಳೆಯ ಗಡಿಯಾರದಲ್ಲಿ ಓದಿ, ಎಂಟು ಜನರನ್ನು ಕೆಸರಿಗೆ ಕರೆದುಕೊಂಡು ಹೋಗಿದ್ದಳು. ನೀರು ಸುತ್ತುವರಿದು, ಎಲ್ಲರೂ ಒಂದು ಮರಳು ದಿಬ್ಬದ ಮೇಲೆ ಒಂದೇ ಫ್ಲಾಸ್ಕು ಕಾಫಿ ಹಿಡಿದು ಆರು ತಾಸು ಕೂತಿದ್ದರಂತೆ.

"ಐದು ತಾಸು," ಎಂದಳು ಮರೈಕೆ.

"ಆರು. ಕಾಫಿ ಹೊತ್ತಿದ್ದು ನಾನು."

ನಾನು ಚಮಚ ಕೆಳಗಿಟ್ಟೆ. ಮರಳು ದಿಬ್ಬ. ನಾನಿನ್ನೂ ಪ್ರಶ್ನೆಯನ್ನೇ ಕೇಳಿರಲಿಲ್ಲ.

ಆಮೇಲೆ ತಡೆಯುವವರೇ ಇಲ್ಲ. ಬಂದು ಆರು ತಿಂಗಳಾದ ಹುಡುಗ ಕೂಡ ಅವಳ ಎದುರೇ ಅವಳ ಒಂದು ಎಡವಟ್ಟು ಹೇಳಿ ಎಲ್ಲರನ್ನೂ ನಗಿಸಿದ. ಯಾರೂ ಬಾಗಿಲು ನೋಡಲಿಲ್ಲ. ಬಕೆಟುಗಳ ಕಥೆಗೆ ಬಂದಾಗ ಮಾತ್ರ ಮರೈಕೆ ತಾನೇ ಹೇಳಿದಳು. ಒಂದು ಬೇಸಿಗೆಯ ಮಾದರಿಗಳಿಗೆಲ್ಲ ಅವಳು ಚೀಟಿಯನ್ನು ಬಕೆಟಿಗೆ ಅಂಟಿಸುವ ಬದಲು ಮುಚ್ಚಳಕ್ಕೆ ಅಂಟಿಸಿದ್ದಳು. ಮುಚ್ಚಳಗಳು ಅದಲುಬದಲಾದವು. "ಅದು ನನ್ನ ಮೊದಲ ವಿದ್ಯಾರ್ಥಿಯ ಕೆಲಸ. ಅವನಿಗೆ ಒಂದು ವರ್ಷ ಹೆಚ್ಚು ಹಿಡಿಯಿತು. ತಪ್ಪು ನನ್ನದು ಅಂತ ಅವನ ಪ್ರಬಂಧದಲ್ಲೇ ಬರೆಸಿದೆ," ಎಂದಳು. ಆಗ ಅವಳು ನಗಲಿಲ್ಲ.

"ನೀನು? ನಿನ್ನ ದೊಡ್ಡ ತಪ್ಪು ಯಾವುದು?" ಎಂದ ಯಾಪ್.

ಎಲ್ಲರೂ ನನ್ನತ್ತ ತಿರುಗಿದರು. ನಾನು ಕಾಲು ಎತ್ತಿ ಬ್ಯಾಂಡೇಜು ತೋರಿಸಿದೆ. ಎಲ್ಲರೂ ನಕ್ಕರು, ನ್ಯಾಯವಾದ ನಗು. ನನಗೆ ಮಾತ್ರ ನಗು ಬರಲಿಲ್ಲ. ಮಾವನ ಪ್ರಶ್ನೆಯನ್ನು ಎರಡು ದೇಶ ಹೊತ್ತು ತಿರುಗಿದವಳು ನಾನು. ಬೋಟನ್ನು ಮರಳಿಗೆ ಕೂರಿಸಲೇ ಇಲ್ಲ ಎನ್ನುವ ತಂಡೇಲ ಸಿಕ್ಕಿದ್ದು ನನ್ನ ಬಯೋಡಾಟಾದಲ್ಲಿಯೇ.

ದೋಣಿಕಟ್ಟೆ

ಭಾನುವಾರ ಬೆಳಿಗ್ಗೆ ಮರೈಕೆ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ದೋಣಿಕಟ್ಟೆಗೆ ತಂದಳು. ಪ್ರೊಫೆಸರು ಪೆಡಲು ತುಳಿಯುವುದು, ಅಭ್ಯರ್ಥಿ ಹಿಂದೆ ಕೂರುವುದು. ನಮ್ಮೂರಿನವರು ನೋಡಿದ್ದರೆ ನನ್ನನ್ನು ಊರೊಳಗೆ ಸೇರಿಸುತ್ತಿರಲಿಲ್ಲ. ದೋಣಿಗೆ ಹತ್ತು ನಿಮಿಷವಿತ್ತು.

ಹೇಳದಿದ್ದರೆ ಕಳೆದುಕೊಳ್ಳುವುದು ಏನೂ ಇರಲಿಲ್ಲ. ಜರ್ಮನಿ ಕೈಯಲ್ಲಿತ್ತು. ಹೇಳಿದರೆ ಇಲ್ಲಿನ ಬಾಗಿಲು ಮುಚ್ಚಬಹುದು, ಆ ಚುರುಕು ಹುಡುಗ ಒಳಗೆ ಬರಬಹುದು. ಶಬಾನಾಳ ಮಾತು ನೆನಪಾಯಿತು. ಕೆಮ್ಮಿದೆ. ಆಮೇಲೆ ಕೆಮ್ಮುವುದನ್ನು ಬಿಟ್ಟು, "ಮರೈಕೆ," ಎಂದೆ.

ಎಲ್ಲ ಹೇಳಿದೆ. ಎರಡು ವರ್ಷ, ಜ್ವಾಲಾಮುಖಿ, ಪಾಯಸ, ಓದದೆ ಉಳಿದ ಅಧ್ಯಾಯ, ಚಹಾ ಕಪ್ಪಿನ ಉಂಗುರ, ನಡುವೆ ಬಿಟ್ಟು ಬಂದದ್ದು. ಬಯೋಡಾಟಾದಲ್ಲಿ ಮುಚ್ಚಿಟ್ಟದ್ದನ್ನೂ ಹೇಳಿದೆ. ಜರ್ಮನಿಯವರು ಕರೆದಿದ್ದಾರೆ, ನಾಳೆಯೊಳಗೆ ಉತ್ತರ ಕೊಡಬೇಕು ಎಂದೂ ಹೇಳಿದೆ. ಅಳಬಾರದು ಎಂದುಕೊಂಡಿದ್ದೆ, ಸ್ವಲ್ಪ ಅತ್ತೆ.

ಮರೈಕೆ ಸಮಾಧಾನ ಹೇಳಲಿಲ್ಲ. "ಮುಚ್ಚಿಟ್ಟದ್ದು ಸರಿಯಲ್ಲ," ಎಂದಳು. ಆಮೇಲೆ, "ಆ ಅಧ್ಯಾಯ ನಿನ್ನ ಹತ್ತಿರ ಇದೆಯೇ?" ಎಂದು ಕೇಳಿದಳು.

"ಇದೆ."

"ಕಳಿಸು."

ಅಷ್ಟೇ. ದೋಣಿಯಲ್ಲಿ ಕೂತು ಫೋನಿನಿಂದ ಕಳಿಸಿದೆ. ಐವತ್ತೆರಡು ಪುಟ. ಕೈ ಬೀಸೋಣವೆಂದು ತಿರುಗಿದರೆ ಅವಳಾಗಲೇ ಸೈಕಲ್ ಹತ್ತಿ ಹೋಗುತ್ತಿದ್ದಳು.

ಕುಮಟಾ

ಸೋಮವಾರ ಬೆಳಿಗ್ಗೆ ಗೋವೆಯಲ್ಲಿ ಇಳಿದು, ಮಡಗಾಂವಿನಲ್ಲಿ ರೈಲು ಹತ್ತಿದೆ. ಜರ್ಮನಿಯ ಹನ್ನೆರಡು ಗಂಟೆ ಎಂದರೆ ನಮ್ಮ ಮೂರೂವರೆ. ಒಪ್ಪಿಗೆಯ ಪತ್ರವನ್ನು ಬರೆದಿಟ್ಟುಕೊಂಡಿದ್ದೆ, ಒತ್ತುವುದೊಂದೇ ಬಾಕಿ. ದ್ವೀಪದಿಂದ ಸುದ್ದಿಯಿರಲಿಲ್ಲ.

ಕಾರವಾರ ದಾಟುವಾಗ ಫೋನು ಗುನುಗಿತು. ಮರೈಕೆಯ ಮಿಂಚಂಚೆ, ಒಂದು ಸಾಲಿನ ಮಾತೂ ಇಲ್ಲ, ಬರೇ ಒಂದು ಕಡತ. ತೆರೆಯುವಷ್ಟರಲ್ಲಿ ಸುರಂಗ ಬಂತು. ನಮ್ಮ ಕೊಂಕಣ ರೈಲ್ವೆಯನ್ನು ಹೊಗಳುವವರು ಸುರಂಗಗಳನ್ನೂ ಸೇರಿಸಿ ಹೊಗಳುತ್ತಾರೆ, ಅವರಿಗೆ ಅವತ್ತು ನನ್ನ ಶಾಪ ತಟ್ಟಿರಬೇಕು. ಬೆಳಕಿಗೆ ಬಂದಾಗ ಕಡತ ಅರ್ಧ ಇಳಿದಿತ್ತು, ಮತ್ತೆ ಕತ್ತಲೆ. ಎದುರಿಗೆ ಕೂತ ಅಂಕೋಲೆಯ ಅಮ್ಮ, "ಎಂತ ತಂಗಿ, ಮನೇಲಿ ಎಲ್ಲ ಆರಾಮ ಅಲ್ದಾ?" ಎಂದು ಕೇಳಿದರು. ಆರಾಮ ಎಂದೆ.

ತೆರೆದಾಗ ಮೊದಲ ಪುಟವೇ ಕೆಂಪು. ಮೊದಲ ವಾಕ್ಯದ ಪಕ್ಕದಲ್ಲಿ "ಇದು ತಪ್ಪು" ಎಂದಿತ್ತು. ಎರಡನೆಯ ಪುಟದಲ್ಲಿ "ಇದು ನಿಜವಿರಬಹುದು, ಆದರೆ ನೀನು ತೋರಿಸಿಲ್ಲ." ಒಂಬತ್ತನೆಯ ಪುಟದಲ್ಲಿ ನಾನು ಎಲ್ಲಿಂದಲೋ ಎತ್ತಿ ಹಾಕಿದ ಭಾರೀ ಪದಗಳ ಪ್ಯಾರಾಕ್ಕೆ ಅಡ್ಡಗೀಟು ಹೊಡೆದು, "ಯಾರನ್ನು ಹೆದರಿಸಲಿಕ್ಕೆ?" ಎಂದು ಕೇಳಿದ್ದಳು. ಮೂವತ್ತೊಂದರಲ್ಲಿ ನನ್ನ ಲೆಕ್ಕ ಮತ್ತೆ ಮಾಡಿ ನೋಡಿ, ಎಲ್ಲಿ ಎಡವಿದೆ ಎಂದು ತೋರಿಸಿದ್ದಳು. ಕೊನೆಯ ಪುಟದ ಅಡಿಟಿಪ್ಪಣಿಯ ಒಂದು ಅಲ್ಪವಿರಾಮವನ್ನೂ ಬಿಟ್ಟಿರಲಿಲ್ಲ. ಐವತ್ತೆರಡು ಪುಟಗಳಲ್ಲಿ ಹೊಗಳಿಕೆ ಒಂದೇ ಕಡೆ. ನಾನು ಚಿಕ್ಕಂದಿನಿಂದ ಕಂಡದ್ದನ್ನು ಬರೆದ ನಾಲ್ಕು ಸಾಲುಗಳ ಪಕ್ಕ "ಇಲ್ಲಿಂದ ಶುರುಮಾಡು" ಎಂದಿತ್ತು. ಎಲ್ಲದರ ಕೆಳಗೆ, "ಸೆಪ್ಟೆಂಬರಿನಲ್ಲಿ ಸೇರಲು ಬರುವುದಾದರೆ ಎರಡನೆಯ ಅಧ್ಯಾಯ ತೆಗೆದುಕೊಂಡು ಬಾ."

ಮೂರೂ ಹತ್ತು. ಬರೆದಿಟ್ಟ ಒಪ್ಪಿಗೆ ಅಳಿಸಿ, ದೊಡ್ಡ ಪ್ರೊಫೆಸರರಿಗೆ ವಿನಯದಿಂದ ಆಗುವುದಿಲ್ಲವೆಂದು ಬರೆದೆ. ನನ್ನ ದಾಖಲೆಯಲ್ಲಿ ಒಡಕಿದೆ, ಅದನ್ನು ನಿಮಗೆ ಹೇಳದೆ ತಪ್ಪು ಮಾಡಿದೆ ಎಂದೂ ಬರೆದೆ. ಕೊನೆಗೆ, ಕಪಾಟಿನಲ್ಲಿರುವುದನ್ನು ದಯವಿಟ್ಟು ಎಣ್ಣೆಯಲ್ಲಿ ಕರಿದು ತಿನ್ನಿ ಎಂದು ಸೇರಿಸಿದೆ. ಮುಂದಿನ ಸುರಂಗದ ಮೊದಲೇ ಅದು ಹೋಯಿತು.

ಕುಮಟಾ ಸ್ಟೇಷನ್ನಿನಲ್ಲಿ ಸುಬ್ರಾಯ ಮಾವ ಕಾಯುತ್ತಿದ್ದರು. ನಾನು ಕುಂಟುವುದನ್ನು ನೋಡಿದರು, ಕೇಳಲಿಲ್ಲ. ಚೀಲ ತೆಗೆದುಕೊಂಡರು. ಕಲ್ಲುಬೆಂಚಿನ ಮೇಲೆ ಕೂತು, ಜರ್ಮನಿ ಬಿಟ್ಟದ್ದನ್ನು ಹೇಳಿ, ಮರೈಕೆ ಕಳಿಸಿದ ಅಧ್ಯಾಯ ತೆರೆದು ಫೋನು ಅವರ ಕೈಗೆ ಕೊಟ್ಟೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಬೆರಳಿನಿಂದ ಒಂದೊಂದೇ ಪುಟ ಸರಿಸುತ್ತ ಹೋದರು.

"ಈ ಕೆಂಪು ಎಲ್ಲ ಎಂತದು?"

"ನನ್ನ ತಪ್ಪು ಮಾವ."

"ಇಷ್ಟೂ?"

"ಇಷ್ಟೂ."

ಮತ್ತೆ ಸರಿಸಿದರು. ಕೊನೆಯ ಪುಟಕ್ಕೆ ಬಂದಾಗ ನಿಂತರು.

"ಇದನ್ನೇ ಅಲ್ದಾ ಅಂವ ಹದಿನೈದು ತಿಂಗ್ಳು ಇಟ್ಕಂಡದ್ದು?"

"ಹೌದು."

"ಇವ್ರು?"

"ಒಂದು ದಿವ್ಸ."

ಮಾವ ಫೋನನ್ನು ಅಂಗಿಯ ತುದಿಯಿಂದ ಒರೆಸಿ ನನಗೆ ವಾಪಸು ಕೊಟ್ಟರು. ಏಳುತ್ತ, "ಆತು ತಂಗಿ. ಈ ಬೋಟು ಹತ್ತು," ಎಂದರು. "ನಿನ್ನ ಆಯಿಗೆ ನಾ ಹೇಳ್ತೆ."